ಕೊನೆಯ ಮೀನು ಏನು ತಿನ್ನುತ್ತದೆ?

ಕಲಬುರಗಿಯ ಸೇಡಂ ರಸ್ತೆಯಿಂದ ಅರಬ್ಬೀ ಸಮುದ್ರ, ನೆಟ್ಟಗೆ ಅಳೆದರೂ, 350 ಕಿಲೋಮೀಟರಿಗಿಂತ ಹೆಚ್ಚು ದೂರ. ಈ ಭಾಗದ ಎಷ್ಟೋ ಮಕ್ಕಳು ಕಡಲನ್ನು ಕಂಡೇ ಇಲ್ಲ. ಹಾಗಿದ್ದೂ ಆಹಾರ ಸರಪಳಿಯ ಪಾಠ ಬಂದಾಗ ತರಗತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: "ಸರ್, ದೊಡ್ಡ ಮೀನು ಸಣ್ಣ ಮೀನನ್ನ ತಿಂತದ. ಸಣ್ಣದು ಅದಕ್ಕಿಂತ ಸಣ್ಣದನ್ನ ತಿಂತದ. ಕೊನೀದು ಏನು ತಿಂತದ?" ಕಡಲ ಜೀವವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಹೊಸದಾಗಿ ಈ ವಿಷಯಕ್ಕೆ ಬರುವವರು ಈ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡರೆ ಸಾಕು, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ನೆಲದ ಮೇಲೆ ಉತ್ತರ ಕಣ್ಣೆದುರೇ ಇದೆ. ಆಡು ಸೊಪ್ಪು ತಿನ್ನುತ್ತದೆ, ಎತ್ತು ಮೇವು ತಿನ್ನುತ್ತದೆ. ಸೊಪ್ಪೂ ಮೇವೂ ಬಿಸಿಲು, ನೀರು, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹಿಡಿದು ತಮ್ಮ ಅನ್ನವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಬಿಸಿಲನ್ನು ಅನ್ನವಾಗಿಸುವ ಈ ಮೊದಲ ಕೆಲಸಕ್ಕೆ ಪ್ರಾಥಮಿಕ ಉತ್ಪಾದನೆ ಎಂದು ಹೆಸರು. ಕಡಲಿನಲ್ಲಿ ಆ ಹಸಿರು ಎಲ್ಲಿದೆ? ಬಂಡೆಗೆ ಅಂಟಿ ಬೆಳೆಯುವ ಕಡಲಪಾಚಿ ದಡದ ಅಂಚಿನಲ್ಲಷ್ಟೇ ಸಿಗುತ್ತದೆ. ಭೂಮಿಯ ಶೇ 71ರಷ್ಟು ಭಾಗ ನೀರು, ಅದರ ಸರಾಸರಿ ಆಳ 3,700 ಮೀಟರಿನಷ್ಟು. ಅಲ್ಲಿ ಬೇರೂರಲು ಬೆಳಕಿರುವ ನೆಲವೇ ಇಲ್ಲ. ಆದ್ದರಿಂದ ಕಡಲ ಮೇವು ಬೇರಿಲ್ಲದ್ದು, ಕಾಂಡವಿಲ್ಲದ್ದು, ನೀರಿನಲ್ಲೇ ತೇಲುವಂಥದ್ದು, ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದೇ ಸಸ್ಯ ಪ್ಲಾಂಕ್ಟನ್. ಪಠ್ಯಪುಸ್ತಕಗಳಲ್ಲಿ ಸಸ್ಯಪ್ಲವಕ ಎಂದೂ ಬರೆಯುತ್ತಾರೆ.

ಪ್ಲಾಂಕ್ಟನ್ ನೋಡಲು ಕಡಲಿಗೇ ಹೋಗಬೇಕೆಂದಿಲ್ಲ. ಸಿಹಿನೀರಿನಲ್ಲೂ ಅವುಗಳ ಬಳಗವಿದೆ. ನಮ್ಮ ಶರಣಬಸವೇಶ್ವರ ಕೆರೆ, ಅಂದರೆ ಎಲ್ಲರೂ ಅಪ್ಪನ ಕೆರೆ ಎನ್ನುವ ಕೆರೆಯ ಹತ್ತು ಕೊಡ ನೀರನ್ನು ತೀರ ಸಣ್ಣ ನೇಯ್ಗೆಯ ನೈಲಾನ್ ಬಟ್ಟೆಯಲ್ಲಿ ಸೋಸಿ. ಬಟ್ಟೆಯ ಮೇಲೆ ಉಳಿದದ್ದನ್ನು ನಾಲ್ಕು ಚಮಚ ನೀರಿನಲ್ಲಿ ಜಾಲಿಸಿ, ಅದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೂರು ಪಟ್ಟು ಹಿಗ್ಗಿಸಿ ನೋಡಿ. ಮೊದಲು ಕಾಣುವುದು ಹಸಿರು ಚುಕ್ಕೆಗಳು, ಹಸಿರು ಎಳೆಗಳು. ಅವೇ ಉತ್ಪಾದಕರು. ಅವುಗಳ ನಡುವೆ ಸೈಕ್ಲಾಪ್ಸ್ ಜಿಗಿಜಿಗಿದು ಓಡುತ್ತದೆ. ಹನಿಯಾಕಾರದ ಮೈ, ತಲೆಯ ನಟ್ಟನಡುವೆ ಒಂದೇ ಕಣ್ಣು. ಹೆಣ್ಣಾಗಿದ್ದರೆ ಬಾಲದ ಎರಡೂ ಬದಿಗೆ ಮೊಟ್ಟೆಯ ಎರಡು ಚೀಲ. ಅದೃಷ್ಟವಿದ್ದರೆ ಡಾಫ್ನಿಯಾ ಸಿಗುತ್ತದೆ. ಅದರ ಮೈ ಪಾರದರ್ಶಕವಾದ್ದರಿಂದ ಬಡಿಯುವ ಹೃದಯವೂ, ಬಾಗಿದ ಕರುಳೂ ಹೊರಗಿನಿಂದಲೇ ಕಾಣುತ್ತವೆ. ಆ ಕರುಳಿನ ಉದ್ದಕ್ಕೂ ಒಂದು ಹಸಿರು ಗೆರೆ ಇರುತ್ತದಲ್ಲ, ಅದು ಈಗಷ್ಟೇ ತಿಂದ ಪಾಚಿ. ಯಾರು ಯಾರನ್ನು ತಿಂದರೆಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿ ಬೇರೆ ಯಾವ ಪಾಠದಲ್ಲೂ ಸಿಗದು. ಹೀಗೆ ತೇಲುತ್ತ ಮೇಯುವ ಪ್ರಾಣಿಗಳು ಪ್ರಾಣಿ ಪ್ಲಾಂಕ್ಟನ್. ಕಡಲಿನಲ್ಲಿ ಸೈಕ್ಲಾಪ್ಸ್‌ನ ದಾಯಾದಿಗಳಾದ ಕೋಪಿಪಾಡ್‌ಗಳು ಈ ಕೆಲಸದ ಬಹುಪಾಲು ಮಾಡುತ್ತವೆ.

ಇಲ್ಲಿ ಹೊಸಬರು ಒಂದು ವಿಷಯದಲ್ಲಿ ಎಡವುತ್ತಾರೆ. ಸಣ್ಣದೆಲ್ಲ ಪ್ಲಾಂಕ್ಟನ್, ದೊಡ್ಡದೆಲ್ಲ ಅಲ್ಲ ಎಂದುಕೊಳ್ಳುತ್ತಾರೆ. ಗಾತ್ರ ಅಳತೆಗೋಲಲ್ಲ. ನೀರಿನ ಹರಿವಿಗೆ ಎದುರಾಗಿ ಈಜಲಾರದ ಜೀವಿ ಯಾವುದೇ ಆಗಲಿ, ಅದು ಪ್ಲಾಂಕ್ಟನ್. ತಟ್ಟೆಯಗಲದ ಲೋಳೆಮೀನೂ ಪ್ಲಾಂಕ್ಟನ್ನೇ. ಮೀನಿನ ಮೊಟ್ಟೆ, ಸಿಗಡಿಯ ಮರಿ ಕೂಡ ಬೆಳೆದು ಈಜಲು ಕಲಿಯುವವರೆಗೆ ಪ್ಲಾಂಕ್ಟನ್. ಈ ಹೆಸರು ಕೊಟ್ಟವನು ಜರ್ಮನಿಯ ಕೀಲ್ ನಗರದ ವಿಕ್ಟರ್ ಹೆನ್ಸೆನ್, 1887ರಲ್ಲಿ. ಅವನಿಗಿದ್ದ ಕುತೂಹಲವೂ ನಮ್ಮ ಮಕ್ಕಳದ್ದೇ: ಇಷ್ಟು ಮೀನು ಸಿಗಬೇಕಾದರೆ ಕಡಲಿನಲ್ಲಿ ಎಷ್ಟು ಮೇವಿರಬೇಕು?

ಉತ್ಪಾದಕರಲ್ಲಿ ಎರಡು ಬಗೆಯವನ್ನು ನೆನಪಿನಲ್ಲಿಡಿ. ಒಂದು ಡಯಾಟಮ್. ಒಂದೇ ಕೋಶದ ಜೀವಿ, ಮೈಸುತ್ತ ಗಾಜಿನ ಮೂಲವಸ್ತುವಾದ ಸಿಲಿಕಾದ ಕವಚ. ಪೋಷಕಾಂಶವೂ ಬೆಳಕೂ ಧಾರಾಳವಾಗಿದ್ದಲ್ಲಿ ಅದು ಬೇಗ ಬೇಗ ಹೆಚ್ಚುತ್ತದೆ. ಇನ್ನೊಂದು ಪ್ರೊಕ್ಲೋರೊಕಾಕಸ್. ಮಿಲಿಮೀಟರಿನ ಸಾವಿರ ಪಾಲಲ್ಲಿ ಒಂದು ಪಾಲಿಗಿಂತಲೂ ಸಣ್ಣದಾದ ಬ್ಯಾಕ್ಟೀರಿಯಾ. ಬೆಚ್ಚಗಿನ ನಡುಗಡಲಿನ ಒಂದು ಮಿಲಿಲೀಟರ್ ನೀರಿನಲ್ಲಿ ಒಂದು ಲಕ್ಷದವರೆಗೂ ಇರುತ್ತದೆ. ದ್ಯುತಿಸಂಶ್ಲೇಷಣೆ ನಡೆಸುವ ಜೀವಿಗಳಲ್ಲಿ ಭೂಮಿಯ ಮೇಲೆ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಇದೇ. ಆದರೂ 1980ರ ದಶಕದವರೆಗೆ ಇದು ಯಾರ ಗಮನಕ್ಕೂ ಬಂದಿರಲಿಲ್ಲ.

ಈಗ ಈ ಪಾಠದ ನಡುಗಂಬಕ್ಕೆ ಬರೋಣ. ಕಡಲಿನ ಸಸ್ಯ ಪ್ಲಾಂಕ್ಟನ್ ಅನ್ನೆಲ್ಲ ಒಂದು ದಿನ ಒಟ್ಟುಗೂಡಿಸಿ ತೂಗಿದರೆ ಅದರಲ್ಲಿನ ಇಂಗಾಲ ಸುಮಾರು 100 ಕೋಟಿ ಟನ್. ನೆಲದ ಮೇಲಿನ ಗಿಡಮರಗಳಲ್ಲಿ ಇದರ ನೂರಾರು ಪಟ್ಟು ಇಂಗಾಲವಿದೆ. ಆದರೆ ವರ್ಷವಿಡೀ ತಯಾರಾಗುವ ಹೊಸ ಆಹಾರದ ಲೆಕ್ಕ ತೆಗೆದರೆ ಇಬ್ಬರೂ ಹೆಚ್ಚುಕಡಿಮೆ ಸಮಸಮ, ತಲಾ ಸುಮಾರು 5,000 ಕೋಟಿ ಟನ್ ಇಂಗಾಲ. ಅಂದರೆ ಕಡಲ ಮೇವು ವರ್ಷಕ್ಕೆ ಐವತ್ತು ಸಲ, ವಾರಕ್ಕೊಮ್ಮೆ ಎಂಬಂತೆ, ಪೂರ್ತಿ ತಿಂದು ಮುಗಿದು ಮತ್ತೆ ಹುಟ್ಟುತ್ತದೆ. ಸಂಜೆ ಸೇಡಂ ರಸ್ತೆಯ ಮಿರ್ಚಿ ಭಜಿ ಬಂಡಿ ನೋಡಿ: ಯಾವ ಹೊತ್ತಿಗೆ ಹೋದರೂ ತಾಟಿನಲ್ಲಿ ಇರುವುದು ಹತ್ತಿಪ್ಪತ್ತು ಭಜಿ, ಬಂಡಿ ಎತ್ತುವ ಹೊತ್ತಿಗೆ ಮಾರಾಟವಾದದ್ದು ಬುಟ್ಟಿಗಟ್ಟಲೆ. ಕಡಲನ್ನು ಅಳೆಯಬೇಕಾದದ್ದು ಕಾಣುವ ದಾಸ್ತಾನಿನಿಂದಲ್ಲ, ಹುಟ್ಟುವ ವೇಗದಿಂದ. ಇಷ್ಟು ಮನಸ್ಸಿಗೆ ಇಳಿದರೆ ಅರ್ಧ ಪಾಠ ಮುಗಿದಂತೆ.

ಆ ವೇಗವನ್ನು ಅಳೆಯುವುದು ಹೇಗೆ? 1927ರಲ್ಲಿ ನಾರ್ವೆಯ ಗಾರ್ಡರ್ ಮತ್ತು ಗ್ರಾನ್ ಪ್ರಕಟಿಸಿದ ವಿಧಾನ ಇಂದಿಗೂ ಪದವಿ ತರಗತಿಗಳ ಪ್ರಯೋಗಶಾಲೆಯಲ್ಲಿದೆ. ಒಂದೇ ಕಡೆಯ ನೀರನ್ನು ಬಿರಡೆಯಿರುವ ಮೂರು ಗಾಜಿನ ಸೀಸೆಗಳಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬುತ್ತಾರೆ. ಮೊದಲ ಸೀಸೆಯ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಆಗಲೇ ಅಳೆದುಬಿಡುತ್ತಾರೆ. ಎರಡನೆಯದು ಬೆಳಕಿನ ಸೀಸೆ, ಹಾಗೆಯೇ ಬಿಡುತ್ತಾರೆ. ಮೂರನೆಯದು ಕತ್ತಲ ಸೀಸೆ, ಒಂದಿಷ್ಟೂ ಬೆಳಕು ಹೋಗದಂತೆ ಕಪ್ಪು ಬಟ್ಟೆ ಅಥವಾ ಅಲ್ಯುಮಿನಿಯಂ ಹಾಳೆ ಸುತ್ತುತ್ತಾರೆ. ಎರಡನ್ನೂ ಹಗ್ಗಕ್ಕೆ ಕಟ್ಟಿ ನೀರು ತೆಗೆದ ಆಳಕ್ಕೇ ಇಳಿಬಿಟ್ಟು ಕೆಲವು ಗಂಟೆ ಕಾಯಬೇಕು. ಬೆಳಕಿನ ಸೀಸೆಯಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಒಳಗಿರುವ ಜೀವಿಗಳೆಲ್ಲ ಉಸಿರಾಟಕ್ಕೆ ಅದರಲ್ಲಿ ಸ್ವಲ್ಪ ಬಳಸುತ್ತವೆ. ಕತ್ತಲ ಸೀಸೆಯಲ್ಲಿ ಉಸಿರಾಟ ಮಾತ್ರ.

ಲೆಕ್ಕ ಸರಳ. ಉದಾಹರಣೆಗೆ, ಆರಂಭದಲ್ಲಿ ಲೀಟರಿಗೆ 6 ಮಿಲಿಗ್ರಾಂ ಆಮ್ಲಜನಕವಿತ್ತು ಎನ್ನಿ. ಸಂಜೆ ಬೆಳಕಿನ ಸೀಸೆಯಲ್ಲಿ 8, ಕತ್ತಲ ಸೀಸೆಯಲ್ಲಿ 5. ಉಸಿರಾಟಕ್ಕೆ ಹೋದದ್ದು 1. ಉಳಿತಾಯವಾದದ್ದು 2, ಇದು ನಿವ್ವಳ ಉತ್ಪಾದನೆ. ಎರಡೂ ಕೂಡಿ 3, ಇದು ಒಟ್ಟು ಉತ್ಪಾದನೆ. ಮೀನಿಗೆ ದಕ್ಕುವುದು ನಿವ್ವಳದ ಪಾಲಿನಿಂದ ಮಾತ್ರ. ನಡುಗಡಲಿನಲ್ಲಿ ಉತ್ಪಾದನೆ ಬಹಳ ಕಡಿಮೆಯಾದ್ದರಿಂದ ಈ ವಿಧಾನಕ್ಕೆ ಅದು ಸಿಗುವುದಿಲ್ಲ. ಅದಕ್ಕಾಗಿ ಡೆನ್ಮಾರ್ಕಿನ ಸ್ಟೀಮನ್ ನೀಲ್ಸನ್ 1952ರಲ್ಲಿ ವಿಕಿರಣಶೀಲ ಇಂಗಾಲ-14 ಬಳಸುವ ವಿಧಾನ ಕೊಟ್ಟ. ಆಮೇಲೆ ಜಗತ್ತಿನ ಕಡಲುಗಳ ಉತ್ಪಾದನೆಯನ್ನು ಅಳೆಯುವುದಕ್ಕೆ ದಾರಿಯಾಯಿತು.

ಹೀಗೆ ಅಳೆಯುತ್ತ ಹೋದಾಗ ಗೊತ್ತಾದದ್ದು ಇದು: ಕಣ್ಣಿಗೆ ಹಿತವೆನಿಸುವ ಕಡುನೀಲಿ ಕಡಲು ಬಹುಪಾಲು ಬರಡು. ಬಿಸಿಲು ಎಷ್ಟಿದ್ದರೂ ಗೊಬ್ಬರವಿಲ್ಲದೆ ಬೆಳೆ ಏಳುವುದಿಲ್ಲ ಎಂದು ರೈತರಿಗೆ ಹೇಳಿಕೊಡಬೇಕಿಲ್ಲ. ಪ್ಲಾಂಕ್ಟನ್‌ಗೂ ಸಾರಜನಕ ಬೇಕು, ರಂಜಕ ಬೇಕು, ಚಿಟಿಕೆ ಕಬ್ಬಿಣ ಬೇಕು, ಡಯಾಟಮ್‌ಗಾದರೆ ಸಿಲಿಕಾವೂ ಬೇಕು. ಆಲ್ಫ್ರೆಡ್ ರೆಡ್‌ಫೀಲ್ಡ್ ಗುರುತಿಸಿದಂತೆ, ಕಡಲ ಪ್ಲಾಂಕ್ಟನ್‌ನಲ್ಲಿ ರಂಜಕದ ಒಂದು ಪರಮಾಣುವಿಗೆ ಸಾರಜನಕದ ಹೆಚ್ಚುಕಡಿಮೆ 16 ಪರಮಾಣುಗಳಿರುತ್ತವೆ. ಇವೆಲ್ಲ ಕಡಲಿನಲ್ಲಿ ಇವೆ, ಆದರೆ ಇರಬೇಕಾದ ಕಡೆ ಇಲ್ಲ. ಬೆಳಕು ತಿಳಿನೀರಿನಲ್ಲೂ 200 ಮೀಟರಿನ ಆಚೆ ದ್ಯುತಿಸಂಶ್ಲೇಷಣೆಗೆ ಸಾಲುವಷ್ಟು ಇಳಿಯುವುದಿಲ್ಲ, ಕರಾವಳಿಯ ಕದಡಿದ ನೀರಿನಲ್ಲಿ ಇನ್ನೂ ಬೇಗ ಕಂತುತ್ತದೆ. ಸತ್ತ ಜೀವಿಗಳು, ಕೋಪಿಪಾಡ್‌ಗಳ ಹಿಕ್ಕೆ ಎಲ್ಲವೂ ಕೆಳಕ್ಕೆ ಇಳಿದು ಅಲ್ಲಿ ಕೊಳೆತು ಗೊಬ್ಬರವಾಗುತ್ತವೆ. ಬೆಳಕು ಮೇಲೆ, ಗೊಬ್ಬರ ಕೆಳಗೆ. ಬೆಚ್ಚಗಿನ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ ಇರುವುದರಿಂದ ಇವೆರಡೂ ತಾವಾಗಿ ಬೆರೆಯುವುದೂ ಇಲ್ಲ. ಯಾರಾದರೂ ಕೆಳಗಿನ ನೀರನ್ನು ಮೇಲೆತ್ತಬೇಕು.

ನಮ್ಮ ಕರ್ನಾಟಕದ ಕರಾವಳಿಯಲ್ಲಿ ಆ ಕೆಲಸ ಮಾಡುವುದು ಮುಂಗಾರು. ಕಲಬುರಗಿಯ ರೈತರು ತೊಗರಿ ಬಿತ್ತಲು ಮಳೆ ಕಾಯುವ ಹೊತ್ತಿಗೆ ಅದೇ ಮಾರುತ ಕಡಲಿನಲ್ಲಿ ಬೇರೊಂದು ಬೇಸಾಯಕ್ಕೆ ಕೈಹಾಕಿರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ದಡದ ಬಳಿ ಗಾಳಿ ಪಶ್ಚಿಮ, ವಾಯವ್ಯದ ಕಡೆಯಿಂದ ಬೀಸುತ್ತದೆ. ಅದರ ಒಂದು ಪಾಲು ದಡದುದ್ದಕ್ಕೂ ದಕ್ಷಿಣಕ್ಕೆ ತಳ್ಳುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಹೀಗೆ ತಳ್ಳಿದ ಮೇಲ್ಪದರದ ನೀರು ಬಲಕ್ಕೆ, ಅಂದರೆ ದಡದಿಂದ ಆಚೆಗೆ ಸರಿಯುತ್ತದೆ. ಖಾಲಿಯಾದ ಜಾಗ ತುಂಬಲು ಕೆಳಗಿನ ತಣ್ಣನೆಯ, ಗೊಬ್ಬರ ತುಂಬಿದ ನೀರು ಮೇಲೇಳುತ್ತದೆ. ಇಲ್ಲಿಯ ಗಾಳಿಯೊಂದೇ ಕಾರಣವಲ್ಲ, ಶ್ರೀಲಂಕಾದ ಕಡೆಯಿಂದ ದಡ ಹಿಡಿದು ಬರುವ, ಕಣ್ಣಿಗೆ ಕಾಣದ ದೊಡ್ಡ ಅಲೆಗಳೂ ಇದಕ್ಕೆ ನೆರವಾಗುತ್ತವೆ. ಕೇರಳದ ದಕ್ಷಿಣದಲ್ಲಿ ಮೊದಲು ಶುರುವಾಗಿ ಈ ಏರಿಕೆ ಉತ್ತರಕ್ಕೆ ಮಂಗಳೂರು, ಕಾರವಾರದತ್ತ ಸರಿಯುತ್ತದೆ. ಮೇಲೆ ಬಂದ ಗೊಬ್ಬರಕ್ಕೆ ಬಿಸಿಲು ತಗುಲಿತೆಂದರೆ ಡಯಾಟಮ್‌ಗಳು ದಿನಕ್ಕೊಮ್ಮೆ ಇಬ್ಭಾಗವಾಗುತ್ತವೆ. ಒಂದು ಕೋಶ ಹತ್ತು ದಿನದಲ್ಲಿ 1,024 ಆಗಬಲ್ಲದು.

ಹಾಗಾದರೆ ಕಡಲು ಹಸಿರು ಗಂಜಿಯಾಗಬೇಕಿತ್ತಲ್ಲ? ಆಗುವುದಿಲ್ಲ, ಏಕೆಂದರೆ ತಿನ್ನುವವರು ಬಾಯಿ ತೆರೆದುಕೊಂಡೇ ಇರುತ್ತಾರೆ. ಕರಾವಳಿಯಲ್ಲಿ ಬೈಗೆ ಎಂದೂ, ತುಳುವಿನಲ್ಲಿ ಬೂತಾಯಿ ಎಂದೂ ಕರೆಯುವ ಮೀನನ್ನು ನೋಡಿ. ಅದರ ಕಿವಿರಿನ ಮುಚ್ಚಳ ಎತ್ತಿದರೆ ಒಳಗೆ ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ಜೋಡಿಸಿದ ಸಣ್ಣ ಕಡ್ಡಿಗಳ ಸಾಲು ಕಾಣುತ್ತದೆ. ಬಾಯಿಯಲ್ಲಿ ಹೋದ ನೀರು ಕಿವಿರಿನಿಂದ ಹೊರಹೋಗುವಾಗ ಆ ಸಾಲು ಡಯಾಟಮ್‌ಗಳನ್ನೂ ಸಣ್ಣ ಕೋಪಿಪಾಡ್‌ಗಳನ್ನೂ ಸೋಸಿ ಹಿಡಿಯುತ್ತದೆ. ಬಂಗುಡೆಯೂ ಪ್ಲಾಂಕ್ಟನ್ ತಿನ್ನುವ ಮೀನೇ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಅಲ್ಲಿಯ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಬೈಗೆಯ ಬದುಕನ್ನೂ ಕಡಲ ಪ್ಲಾಂಕ್ಟನ್ ಅನ್ನೂ ಜೋಡಿಸಿ ಅಧ್ಯಯನ ಮಾಡಿದರು. 1955ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ವಿಜ್ಞಾನಿಗಳು ಇನ್ನೂ ಖಚಿತವಾಗಿ ಹೇಳಿದರು: ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ನೀರಿನಲ್ಲಿ ದಂಡಿಯಾಗಿದ್ದರೆ ಬೈಗೆಯೂ ದಂಡಿಯಾಗಿ ಬರುತ್ತದೆ. ಮೀನಿನ ಸುಗ್ಗಿಯ ಮುನ್ಸೂಚನೆ ಸೂಕ್ಷ್ಮದರ್ಶಕದಡಿ ಸಿಕ್ಕಿತು ಎಂಬುದು ನನ್ನ ಮಟ್ಟಿಗೆ ಭಾರತೀಯ ಕಡಲವಿಜ್ಞಾನದ ಅತ್ಯಂತ ಸುಂದರ ಫಲಿತಾಂಶಗಳಲ್ಲಿ ಒಂದು.

ಬೈಗೆ ಏಕೆ ಅಷ್ಟು ಹೇರಳ, ಏಕೆ ಅಗ್ಗ? ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಆಹಾರದ ಸುಮಾರು ಹತ್ತನೇ ಒಂದು ಪಾಲಷ್ಟೇ ಮೈಯಾಗಿ ಉಳಿಯುತ್ತದೆ, ಮಿಕ್ಕದ್ದು ಓಡಾಟ, ಉಸಿರಾಟ, ಮಲವಾಗಿ ಹೋಗುತ್ತದೆ. ಇದು ಅಂದಾಜಿನ ಲೆಕ್ಕ, ಜಾಗದಿಂದ ಜಾಗಕ್ಕೆ ಹೆಚ್ಚುಕಡಿಮೆ ಆಗುತ್ತದೆ. ಆದರೂ ಕೂಡಿಸಿ ನೋಡಿ. ಡಯಾಟಮ್ ಅನ್ನು ನೇರವಾಗಿ ತಿನ್ನುವ ಬೈಗೆ ಒಂದು ಕಿಲೋ ಆಗಲು 10 ಕಿಲೋ ಡಯಾಟಮ್ ಸಾಕು. ಆ ಬೈಗೆಯನ್ನು ತಿನ್ನುವ ಅಂಜಲ್ ಒಂದು ಕಿಲೋ ಆಗಲು 10 ಕಿಲೋ ಬೈಗೆ, ಅಂದರೆ 100 ಕಿಲೋ ಡಯಾಟಮ್ ಬೇಕು. ನಡುವೆ ಕೋಪಿಪಾಡ್ ಬಂದರೆ 1,000 ಕಿಲೋ. ಅಂಜಲ್ ದುಬಾರಿಯಾಗುವುದರ ಹಿಂದೆ ಈ ಲೆಕ್ಕವೂ ಇದೆ.

ತಳದ ನೀರು ಮೇಲೆ ಬರುವುದೆಲ್ಲ ಒಳ್ಳೆಯದೇ ಎನ್ನಲಾಗದು. ಆ ನೀರಿನಲ್ಲಿ ಗೊಬ್ಬರ ಹೆಚ್ಚು, ಆಮ್ಲಜನಕ ಕಡಿಮೆ. ಮೇಲಿನಿಂದ ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳ ಮಳೆನೀರು ತೆಳ್ಳನೆಯ ಹೊದಿಕೆಯಾಗಿ ಕೂತು ಗಾಳಿ ಒಳಗೆ ಬೆರೆಯಲು ಬಿಡುವುದಿಲ್ಲ. ಸತ್ತ ಪ್ಲಾಂಕ್ಟನ್ ಕೊಳೆಯುತ್ತ ಇದ್ದಬದ್ದ ಆಮ್ಲಜನಕವನ್ನೂ ನುಂಗುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಭಾರತದ ಪಶ್ಚಿಮ ದಡದ ಈ ಉಸಿರುಗಟ್ಟುವ ನೀರಿನ ಬಗ್ಗೆ ಜಗತ್ತಿನ ಗಮನ ಸೆಳೆದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧವಿರುವುದು ಮೀನು ಮೊಟ್ಟೆಯಿಡುವ, ಮರಿಗಳು ಮೇಯ್ದು ಬೆಳೆಯುವ ಈ ಹೊತ್ತಿನಲ್ಲೇ.

ಇಷ್ಟು ಹೊತ್ತು ಸರಪಳಿಯಂತೆ ಹೇಳಿದೆ, ನಿಜದಲ್ಲಿ ಅದು ಜಾಲ. 2020ರ ನವೆಂಬರಿನಲ್ಲಿ ಮಂಗಳೂರು, ಉಡುಪಿ ಕಡೆಯ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದ ಸುದ್ದಿ ನೀವು ಓದಿರಬಹುದು. ಹೊಳೆದದ್ದು ನಾಕ್ಟಿಲೂಕಾ ಎಂಬ ಒಂದೇ ಕೋಶದ ಪ್ಲಾಂಕ್ಟನ್. ಅದು ಡಯಾಟಮ್‌ಗಳನ್ನು ನುಂಗಿ ಬದುಕುತ್ತದೆ, ಕೋಪಿಪಾಡ್‌ನ ಮೊಟ್ಟೆಯನ್ನೂ ಬಿಡುವುದಿಲ್ಲ. ಪ್ಲಾಂಕ್ಟನ್‌ನ ಮೈಯಿಂದ ಸೋರಿ ನೀರಿನಲ್ಲಿ ಕರಗಿದ ಆಹಾರವನ್ನು ಬ್ಯಾಕ್ಟೀರಿಯಾಗಳು ಹೀರುತ್ತವೆ, ಅವನ್ನು ಅವುಗಳಿಗಿಂತ ತುಸು ದೊಡ್ಡ ಸೂಕ್ಷ್ಮಜೀವಿಗಳು ತಿನ್ನುತ್ತವೆ, ಅವು ಕೋಪಿಪಾಡ್‌ನ ಬಾಯಿಗೆ ಬೀಳುತ್ತವೆ. ಫಾರೂಕ್ ಅಜಂ ಮತ್ತು ಸಂಗಡಿಗರು 1983ರಲ್ಲಿ ವಿವರಿಸಿದ ಈ ಒಳಸುತ್ತು ಇಲ್ಲದಿದ್ದರೆ ಕರಗಿಹೋದ ಆ ಆಹಾರ ಮೇಲಿನ ಮೆಟ್ಟಿಲುಗಳಿಗೆ ಮುಟ್ಟುತ್ತಲೇ ಇರಲಿಲ್ಲ.

ಪ್ಲಾಂಕ್ಟನ್ ಬಗ್ಗೆ ಎಲ್ಲೆಡೆ ಓಡಾಡುವ ಒಂದು ಮಾತನ್ನು ಇಲ್ಲಿ ತಿದ್ದಬೇಕು. ನಾವು ಉಸಿರಾಡುವ ಆಮ್ಲಜನಕದ ಅರ್ಧ ಕಡಲಿನದು ಎನ್ನುತ್ತಾರೆ. ವರ್ಷಕ್ಕೆ ತಯಾರಾಗುವ ಆಮ್ಲಜನಕದ ಸುಮಾರು ಅರ್ಧ ಕಡಲಿನದು ಎಂಬುದು ನಿಜ. ಆದರೆ ಅದರಲ್ಲಿ ಬಹುತೇಕ ಪೂರ್ತಿಯನ್ನು ಕಡಲ ಜೀವಿಗಳೇ ಉಸಿರಾಡಿ ಮುಗಿಸುತ್ತವೆ. ವಾತಾವರಣದಲ್ಲಿರುವ ಆಮ್ಲಜನಕ ಕೋಟ್ಯಂತರ ವರ್ಷಗಳ ಉಳಿತಾಯ. ತಯಾರಾದ ಆಹಾರದ ಒಂದು ತೀರ ಸಣ್ಣ ಪಾಲು ಕೊಳೆಯದೆ ಕೆಸರಿನಲ್ಲಿ ಹೂತುಹೋದಾಗ, ಅದಕ್ಕೆ ಜೋಡಿಯಾಗಿ ಹುಟ್ಟಿದ ಆಮ್ಲಜನಕ ಗಾಳಿಯಲ್ಲಿ ಉಳಿಯುತ್ತ ಬಂತು. ಅಂಥ ಹಳೆಯ ಕಡಲಿನ ಕೆಸರು ಸೇಡಂ ರಸ್ತೆಯಲ್ಲೇ ಇದೆ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳು ಅಗೆಯುವ ಸುಣ್ಣಕಲ್ಲು, ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಪರ್ಸಿ, ಎರಡೂ ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎನ್ನುವ ಕಡಲತಳದ ಪದರಗಳು. ಮೀನು, ಚಿಪ್ಪುಜೀವಿಗಳು ಕಾಣಿಸಿಕೊಳ್ಳುವ ಮುಂಚಿನ ಕಾಲದವು ಅವು. ಆದ್ದರಿಂದ ಪರ್ಸಿಯಲ್ಲಿ ಚಿಪ್ಪು ಹುಡುಕಿದರೆ ಸಿಗುವುದಿಲ್ಲ. ಆದರೆ ಅದೇ ಶಿಲಾಸಮೂಹದ ಜೇಡಿಕಲ್ಲಿನಲ್ಲಿ ಚುವಾರಿಯಾ ಎಂಬ, ಇಂಗಾಲದ ಪುಟ್ಟ ಬಿಲ್ಲೆಗಳಂಥ ಪಳೆಯುಳಿಕೆಗಳು ಸಿಕ್ಕಿವೆ. ಆ ಕಡಲಿನಲ್ಲೂ ಬಿಸಿಲನ್ನು ಅನ್ನವಾಗಿಸುವವರು ಸೂಕ್ಷ್ಮಜೀವಿಗಳೇ ಆಗಿದ್ದರು.

ಇದೇ ರಸ್ತೆ ಹಿಡಿದು ಸೇಡಂ ದಾಟಿ ಪೂರ್ವಕ್ಕೆ ಹೋದರೆ ಹೈದರಾಬಾದ್. ಕಡಲಿಲ್ಲದ ಆ ಊರಿನಲ್ಲೇ 1999ರಲ್ಲಿ ಆರಂಭವಾದ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ, ಇನ್‌ಕಾಯ್ಸ್, ಇದೆ. ಪತ್ರಹರಿತ್ತು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಪ್ಲಾಂಕ್ಟನ್ ಹೆಚ್ಚಿದ ನೀರು ಹಸಿರಿಗೆ ತಿರುಗುತ್ತದೆ. 1999ರ ಮೇ 26ರಂದು ಇಸ್ರೊ ಹಾರಿಸಿದ ಓಷನ್‌ಸ್ಯಾಟ್-1, ಆಮೇಲೆ 2009 ಮತ್ತು 2022ರಲ್ಲಿ ಹೋದ ಅದರ ತಮ್ಮಂದಿರು ಈ ಬಣ್ಣವನ್ನು ಬಾಹ್ಯಾಕಾಶದಿಂದ ಅಳೆದವು. ಕಡಲ ಮೇಲ್ಮೈಯ ಬಿಸಿ ಮತ್ತು ಈ ಹಸಿರು, ಎರಡನ್ನೂ ಕೂಡಿಸಿ ಮೀನು ಸಿಗಬಹುದಾದ ಜಾಗಗಳ ಸೂಚನೆಯನ್ನು ಇನ್‌ಕಾಯ್ಸ್ ಕನ್ನಡವೂ ಸೇರಿ ಕರಾವಳಿಯ ಭಾಷೆಗಳಲ್ಲಿ ಕೊಡುತ್ತದೆ. ಮೋಡ ಮುಸುಕಿದರೆ ಉಪಗ್ರಹಕ್ಕೆ ಬಣ್ಣ ಕಾಣುವುದಿಲ್ಲ, ನಮ್ಮ ಕರಾವಳಿಯಲ್ಲಿ ಪ್ಲಾಂಕ್ಟನ್ ಉಕ್ಕುವುದು ಮೋಡದ ಕಾಲದಲ್ಲೇ. ಹೀಗಾಗಿ ದೋಣಿಯಲ್ಲಿ ಹೋಗಿ ನೀರು ತರುವವರ ಕೆಲಸ ಇನ್ನೂ ಮುಗಿದಿಲ್ಲ.

ಆ ಕೆಲಸ ಈಗ ಎಂದಿಗಿಂತ ಹೆಚ್ಚು ಬೇಕಾಗಿದೆ. ಕಡಲು ಬಿಸಿಯಾದಂತೆ ಮೇಲಿನ ಹಗುರ ಪದರ ಇನ್ನಷ್ಟು ಬಿಗಿಯುತ್ತದೆ, ಕೆಳಗಿನ ಗೊಬ್ಬರ ಮೇಲೇರುವುದು ಕಷ್ಟವಾಗುತ್ತದೆ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಸಸ್ಯ ಪ್ಲಾಂಕ್ಟನ್ ಶೇ 20ರವರೆಗೂ ಇಳಿದಿರಬಹುದು ಎಂದು 2016ರಲ್ಲಿ ವರದಿ ಮಾಡಿದರು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಬೈಗೆ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಇದರಲ್ಲಿ ಕಡಲ ಬಿಸಿಯ ಪಾಲಿದೆ, ಮರಿಮೀನುಗಳನ್ನೂ ಬಿಡದೆ ಬಾಚಿದ ಬಲೆಗಳ ಪಾಲೂ ಇದೆ. ಎರಡನೆಯದನ್ನು ನಾವು ಇಂದೇ ನಿಲ್ಲಿಸಬಹುದು.

ವಿಜ್ಞಾನ ಕಲಿಸುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಬೆಳಕಿನ ಸೀಸೆ, ಕತ್ತಲ ಸೀಸೆಯ ಪ್ರಯೋಗವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸಬೇಡಿ. ಹತ್ತಿರದ ಕಾಲೇಜಿನ ಪ್ರಯೋಗಶಾಲೆಯ ನೆರವು ಪಡೆದು, ಮಕ್ಕಳನ್ನು ದಡದಲ್ಲಿ ಸುರಕ್ಷಿತವಾಗಿ ನಿಲ್ಲಿಸಿ, ಅಪ್ಪನ ಕೆರೆಯಲ್ಲೋ ನಿಮ್ಮೂರಿನ ಬಾವಿಯಲ್ಲೋ ಮಾಡಿಸಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಅಳೆದು, ಎರಡೂ ಅಂಕಿಗಳನ್ನು ತಾರೀಕಿನೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ, ಮುಂದಿನ ವರ್ಷದ ಮಕ್ಕಳಿಗೆ ಅದೇ ಪುಸ್ತಕ ಕೊಡಿ.